ಬಚ್ಚಲೊಲೆಗೆ ವರ್ಗವಾಯಿತು

ಸರಕಾರಿ ನೌಕರರಿಗೆ ವರ್ಗವಾಗುವುದುಂಟು. ದೇವಸ್ಥಾನದ ಜೀರ್ಣೋದ್ಧಾರ ನಡೆಯುವಾಗ ದೇವರಿಗೂ ಬಾಲಾಲಯಕ್ಕೆ ತಾತ್ಕಾಲಿಕ ವರ್ಗವಾಗುವುದುಂಟು. ಮನೆಯೊಳಗಣ ವಸ್ತುಗಳ ವಿಷಯವೂ ಹೀಗೆಯೇ. ಮಂಚವನ್ನು ಇಬ್ಬರು ಹಿಡಿದರೆ ಸರಿಸಬಹುದು. ಗಡಿಯಾರವನ್ನು ಒಂದು ಮೊಳೆಯ ಖರ್ಚಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಕಳುಹಿಸಬಹುದು. ಆದರೆ ಬಾವಿ, ತುಳಸೀಕಟ್ಟೆ, ಒಲೆ ಈ ಮೂರು ಮಾತ್ರ ಖಾಯಂ ಹುದ್ದೆಯಲ್ಲಿರುವಂಥವು. ಬಾವಿಯನ್ನು ಸರಿಸುವುದು ಮನುಷ್ಯಮಾತ್ರರಿಂದ ಆಗದ ಮಾತು. ತುಳಸೀಕಟ್ಟೆಯನ್ನು ಸರಿಸಲು ಜೋಯಿಸರ ಅಪ್ಪಣೆ ಬೇಕು. ಒಲೆಯನ್ನು ಸರಿಸಲು ಹಣವೊಂದಿದ್ದರೆ ಸಾಕೆಂಬುದು ಲೋಕದ ತಿಳಿವಳಿಕೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು, ನಮ್ಮ ಮನೆಯ ಬಚ್ಚಲೊಲೆಯನ್ನು ಇಪ್ಪತ್ತೈದು ಹೆಜ್ಜೆ ಈಚೆಗೆ ತಂದ ಕಾಲದಲ್ಲಿ ನಾನು ಪರೀಕ್ಷಿಸಿ ನೋಡಿದ್ದೇನೆ. ಓದುಗರಲ್ಲಿ ಯಾರಿಗಾದರೂ ಇಂಥ ಸಂಕಲ್ಪವಿದ್ದರೆ ಈ ಲೆಕ್ಕ ಅವರ ಉಪಯೋಗಕ್ಕೆ ಬಂದೀತು.

ನಮ್ಮ ಮನೆ ಇರುವುದು ಜಾಲ್ಸೂರಿನಲ್ಲಿ. ಪುತ್ತೂರಿನಿಂದ ಸುಳ್ಯದ ಮೇಲಾಗಿ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಸುಳ್ಯ ಪೇಟೆ ಬರುವುದಕ್ಕೆ ಸ್ವಲ್ಪ ಮೊದಲು, ಕಾಸರಗೋಡಿನ ದಾರಿ ಕವಲೊಡೆಯುತ್ತದಲ್ಲ, ಅದೇ ಊರು. ಬಸ್ಸಿನಲ್ಲಿ ತೂಕಡಿಸದೆ ಕುಳಿತವರು ನೋಡಿಯೇ ಇರುತ್ತಾರೆ. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಅಡಿಕೆ ತೋಟ. ತೋಟದ ತಲೆಯ ಮೇಲೆ ಮನೆ. ಮನೆಯಿಂದ ಅಂಗಳ ದಾಟಿದರೆ ಹಟ್ಟಿ. ಹಟ್ಟಿಯ ಹತ್ತಿರ ಬಾವಿ. ಬಾವಿಯ ಪಕ್ಕದಲ್ಲಿ ಬಚ್ಚಲುಮನೆ. ಇದು ಈ ಸೀಮೆಯ ಹಳೆಯ ಮನೆಗಳ ಸಾಮಾನ್ಯ ನಕ್ಷೆ. ಪಟ್ಟಣದ ಓದುಗರಿಗೆ ಬಚ್ಚಲುಮನೆಯೆಂದರೆ ಮಲಗುವ ಕೋಣೆಗೆ ಅಂಟಿಕೊಂಡ ಬಿಳಿಯ ಬಿಲ್ಲೆಗಳ ಗೂಡು ಕಣ್ಣಿಗೆ ಕಟ್ಟೀತು. ನಾನು ಹೇಳುವುದು ಅದಲ್ಲ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಹೊಗೆಯಿಂದ ಕಪ್ಪಾದ ಅಟ್ಟ. ಅರ್ಧ ಜಾಗವನ್ನೆಲ್ಲ ಆಕ್ರಮಿಸಿಕೊಂಡು ಕೂತ ಒಲೆ. ಒಲೆಯ ಮೇಲೆ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ತಾಮ್ರದ ಹಂಡೆ. ಮಡಲು, ಸೋಗೆ, ಕೊತ್ತಳಿಗೆ, ಅಡಿಕೆಯ ಸಿಪ್ಪೆ, ತೋಟ ಏನು ಕೊಟ್ಟರೂ ನುಂಗುವ ಬಾಯಿ ಅದಕ್ಕೆ. ದೀಪಾವಳಿಗೆ ನೀರು ತುಂಬುವ ಸಂಜೆ ಹಂಡೆಯನ್ನು ಹುಳಿಹಾಕಿ ತಿಕ್ಕಿ ಬೆಳಗಿ, ಕುತ್ತಿಗೆಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತಿ, ಮದುವಣಗಿತ್ತಿಯಂತೆ ಅಲಂಕರಿಸುತ್ತಾರೆ. ನಮ್ಮ ಹಂಡೆಯನ್ನು ಕೊಂಡವರು ನನ್ನ ಅಜ್ಜ. 1956ರಲ್ಲಿ ರಾಜ್ಯಗಳ ಗಡಿ ಸರಿದು, ಕಾಸರಗೋಡು ಕೇರಳಕ್ಕೆ ಸೇರಿ, ನಾವು ಗಡಿಯ ಈಚೆಯವರಾದೆವು. ರಾಜ್ಯದ ಗಡಿ ಸರಿದರೂ ಆ ಹಂಡೆ ಅಲುಗಲಿಲ್ಲ.

ಬಚ್ಚಲುಮನೆಯನ್ನು ಅಷ್ಟು ದೂರ ಕಟ್ಟಿದವರು ಅವಿವೇಕಿಗಳೇನಲ್ಲ. ಮನೆಗೆ ಮುಳಿಹುಲ್ಲಿನ ಮಾಡಿದ್ದ ಕಾಲದಲ್ಲಿ, ದಿನವೂ ಬೆಂಕಿ ಉರಿಯುವ ಜಾಗವನ್ನು ಹುಲ್ಲಿನಿಂದ ದೂರ ಇಡುವುದೇ ಜಾಣತನ. ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಂಚು ನಮ್ಮಂಥವರ ಮನೆಗೆ ಹತ್ತಿ ಕೂರುವ ಹೊತ್ತಿಗೆ ಎಷ್ಟೋ ದಶಕಗಳು ಕಳೆದಿದ್ದವು. ಅಷ್ಟರಲ್ಲಿ ಅಭ್ಯಾಸ ಗಟ್ಟಿಯಾಗಿತ್ತು. ಬೆಂಕಿಯ ಭಯ ಹೋದರೂ ಅಂತರ ಉಳಿಯಿತು. ಬಾವಿಯ ಹತ್ತಿರವಿದ್ದರೆ ನೀರು ಹೊರುವ ಶ್ರಮ ಕಡಿಮೆ. ಬಚ್ಚಲ ನೀರು ನೇರವಾಗಿ ಬಾಳೆ, ಕೆಸುವಿನ ಬುಡಕ್ಕೆ ಹೋಗುತ್ತದೆ. ಹೊಗೆ ಮನೆಯೊಳಗೆ ನುಗ್ಗುವುದಿಲ್ಲ. ಇಷ್ಟೆಲ್ಲ ಅನುಕೂಲಗಳಿಗೆ ಕೊಡುತ್ತಿದ್ದ ಬೆಲೆ ಇಪ್ಪತ್ತೈದು ಹೆಜ್ಜೆ. ಕಾಲು ಗಟ್ಟಿಯಿದ್ದವರಿಗೆ ಅದೊಂದು ಬೆಲೆಯೇ ಅಲ್ಲ.

ನನ್ನ ತಾಯಿಗೆ ಈಗ ಎಪ್ಪತ್ತನಾಲ್ಕು. ಆಟಿ ತಿಂಗಳ ಒಂದು ಬೆಳಗಿನ ಜಾವ, ಎಂದಿನಂತೆ ನಾಲ್ಕೂವರೆಗೆ ಎದ್ದು ಒಲೆಗೆ ಬೆಂಕಿ ಹಾಕಲು ಹೊರಟವರು ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದರು. ಕೈಯ ಮಣಿಗಂಟಿನ ಎಲುಬು ಬಿರುಕು ಬಿಟ್ಟಿತು. ಸೊಂಟಕ್ಕೆ ಏನೂ ಆಗಲಿಲ್ಲವೆಂಬುದು ಪುಣ್ಯ. ಬಿದ್ದ ಜಾಗದಲ್ಲಿ ಅವರು ಎಷ್ಟು ಹೊತ್ತು ಮಳೆಯಲ್ಲಿ ಕೂತಿದ್ದರೋ ಅವರು ಹೇಳಲಿಲ್ಲ. ಆ ಮಳೆಯ ಸದ್ದಿಗೆ ಒಳಗಿದ್ದವರಿಗೆ ಕರೆದದ್ದು ಕೇಳುವಂತಿರಲಿಲ್ಲ. ಇನ್ನೊಂದು ಮಳೆಗಾಲ ಬರುವುದರೊಳಗೆ ಬಚ್ಚಲು ಮನೆಗೆ ತಾಗಿ ಬರಬೇಕೆಂದು ಆವತ್ತೇ ನಿಶ್ಚಯವಾಯಿತು.

ವಿಚಿತ್ರವೆಂದರೆ, ಅದೇ ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗನ ಮನೆಯಲ್ಲಿಯೂ ಒಂದು ವರ್ಗಾವಣೆ ನಡೆಯಿತು. ಅವನ ಹೆಂಡತಿ ಬಸುರಿ. ಮಗುವಿನ ತೊಟ್ಟಿಲಿಡಲು ಅವರಿಗೆ ಒಪ್ಪಿಗೆಯಾದ ಗೋಡೆಯ ಮೇಲೆ ರೇಡಿಯೇಟರು ಕೂತಿತ್ತು. ರೇಡಿಯೇಟರೆಂದರೆ ನಮ್ಮ ಕಾರಿನ ಮೂತಿಯಲ್ಲಿರುವುದಲ್ಲ; ಶೀತದೇಶದ ಮನೆಗಳಲ್ಲಿ ಗೋಡೆಗೆ ಕೂರಿಸಿದ ಕಬ್ಬಿಣದ ಚಪ್ಪಟೆ ಪೆಟ್ಟಿಗೆ. ಎಲ್ಲಿಯೋ ಮೂಲೆಯಲ್ಲಿ ಕಾದ ನೀರು ಕೊಳವೆಗಳಲ್ಲಿ ಬಂದು, ಅದರೊಳಗೆ ಸುತ್ತಿ, ಕೋಣೆಗೆ ಬಿಸಿಯನ್ನು ಬಿಟ್ಟುಕೊಟ್ಟು, ತಣ್ಣಗಾಗಿ ಹಿಂತಿರುಗುತ್ತದೆ. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಫ್ರಾನ್ಸ್ ಸಾನ್ ಗಾಲಿ ಎಂಬವನು ಇದನ್ನು ಮೊದಲು ರೂಪಿಸಿದನೆಂದು ಹೇಳುತ್ತಾರೆ. ರಷ್ಯದ ಚಳಿಯನ್ನು ಕಂಡವನಿಗೆ ಅದು ಹೊಳೆದದ್ದು ಸಹಜವೇ. ತೊಟ್ಟಿಲ ಪಕ್ಕದಲ್ಲಿ ಇಂಥ ಬಿಸಿ ಪೆಟ್ಟಿಗೆ ಇರಕೂಡದಷ್ಟೆ. ಆದ್ದರಿಂದ ಅದನ್ನು ಆರಡಿ ಆಚೆಗೆ ಸರಿಸಬೇಕಾಯಿತು.

“ಮಾವ, ಆರಡಿಗೆ 350 ಪೌಂಡು!” ಎಂದು ಅವನು ದೂರವಾಣಿಯಲ್ಲಿ ಬೊಬ್ಬೆ ಹಾಕಿದ.

ಆ ದಿನದ ದರದಲ್ಲಿ ಅದು 38,500 ರೂಪಾಯಿ. ಪೆಟ್ಟಿಗೆ ಅದೇ, ಗೋಡೆ ಅದೇ, ಇಷ್ಟೊಂದು ಹಣ ಯಾವುದಕ್ಕೆ ಎಂದು ಕೇಳಿದೆ. ಅವನು ವಿವರಿಸಿದ. ಮೊದಲು ಮನೆಯ ಕೊಳವೆಗಳ ನೀರನ್ನು ಖಾಲಿ ಮಾಡಬೇಕು. ನೆಲದ ಹಲಗೆಗಳನ್ನು ಎಬ್ಬಿಸಬೇಕು. ಹಳೆಯ ತಾಮ್ರದ ಕೊಳವೆಗಳ ಬಾಯಿ ಮುಚ್ಚಿ ಹೊಸ ಕೊಳವೆ ಎಳೆಯಬೇಕು. ಆಮೇಲೆ ನೀರು ತುಂಬಿಸಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನು ಹೊರಬಿಡಬೇಕು. ಹಲಗೆ ಮುಚ್ಚಬೇಕು. ಹಳೆಯ ಜಾಗದಲ್ಲಿ ಗೋಡೆಯ ತೂತುಗಳನ್ನು ತುಂಬಿ ಬಣ್ಣ ಬಳಿಯಬೇಕು. ಪೆಟ್ಟಿಗೆಯನ್ನು ಎತ್ತಿ ಇಡುವ ಕೆಲಸ ಅರ್ಧ ಗಂಟೆಯದು. ಅದನ್ನು ಅಂಟಿಕೊಂಡಿರುವ ಕಾಣದ ಸಂಬಂಧಗಳನ್ನು ಬಿಡಿಸಿ ಮತ್ತೆ ಕಟ್ಟುವುದಕ್ಕೆ ಮಿಕ್ಕ ದಿನವೆಲ್ಲ ಬೇಕು. ಹುಡುಗ ಎಂಜಿನಿಯರ್, ಆದರೂ ಮಾತು ವೇದಾಂತಿಯಂತೆ ಕೇಳಿಸಿತು.

ನಮ್ಮ ಒಲೆಯ ಸಂಬಂಧಗಳು ಅಷ್ಟು ಕಾಣದಂಥವೇನಲ್ಲ. ಅದಕ್ಕೆ ಮೊದಲು ‘ಒಲೆಯೇ ಏಕೆ?’ ಎಂದು ಕೇಳಿದವರಿಗೆ ಉತ್ತರ ಹೇಳಬೇಕು. ಮನೆಯೊಳಗಿನ ಬಚ್ಚಲಿಗೆ ವಿದ್ಯುತ್ತಿನ ಗೀಸರು ಹಾಕಿದರೆ ಮುಗಿಯಿತಲ್ಲ ಎಂದರು ಬಂಧುಗಳು. ಮುಗಿಯುತ್ತಿತ್ತು, ಕರೆಂಟು ಇದ್ದರೆ. ಗಾಳಿಮಳೆಗೆ ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ, ಮೂರು ದಿನ ಕತ್ತಲೆ ನಮಗೆ ಹೊಸದಲ್ಲ. ಸೂರ್ಯನಿಂದ ನೀರು ಕಾಯಿಸುವ ಯಂತ್ರವಿದೆ. ಬಿಸಿನೀರು ಅತ್ಯಗತ್ಯವಾದ ನಾಲ್ಕು ತಿಂಗಳು ಸೂರ್ಯನೇ ರಜೆಯ ಮೇಲಿರುತ್ತಾನೆ. ತೋಟದಲ್ಲಿ ಬಿದ್ದು ಕೊಳೆಯುವ ಉರುವಲಿಗೆ ಬೆಲೆಯಿಲ್ಲ. ಒಲೆಯೇ ಸರಿ ಎಂದಾಯಿತು.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ಈ ವಿಷಯದಲ್ಲಿ ಆಸಕ್ತಿ ವಹಿಸಿ, ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಯ ಹಿಂಬದಿಯ ಮೇಲೆ ಲೆಕ್ಕ ಹಾಕಿದರು. ನೂರು ಲೀಟರು ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಬೇಕಾದ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ ಎರಡೂಕಾಲು ಯೂನಿಟ್ಟಿಗೆ ತುಸು ಹೆಚ್ಚು. ಒಣಗಿದ ಒಂದು ಕಿಲೋ ಸೌದೆಯಲ್ಲಿ ನಾಲ್ಕು ಯೂನಿಟ್ಟಿನಷ್ಟು ಶಾಖವಿದೆ. ಅಂದರೆ ಸುಮಾರು ಅರ್ಧ ಕಿಲೋ ಸೌದೆ ಸಾಕು. “ನೀವು ಎಷ್ಟು ಸುಡುತ್ತೀರಿ?” ಎಂದು ಕೇಳಿದರು. ಐದಾರು ಕಿಲೋ ಆದೀತು ಎಂದೆ. “ಹಾಗಾದರೆ ಹತ್ತರಲ್ಲಿ ಒಂಬತ್ತು ಪಾಲು ಶುದ್ಧ ವ್ಯರ್ಥ!” ಎಂದು ಅವರು ಪೆನ್ನು ಮುಚ್ಚಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಕೇಂದ್ರದವರು ಹಳ್ಳಿಯ ಒಲೆಗಳ ಈ ವ್ಯರ್ಥವನ್ನು ತಗ್ಗಿಸಲೆಂದೇ ಅಸ್ತ್ರ ಒಲೆಯನ್ನು ರೂಪಿಸಿದ್ದನ್ನು ನೆನಪಿಸಿ, ನಮ್ಮ ಹೊಸ ಒಲೆಯ ಬೆಂಕಿಯನ್ನೂ ಹಾಗೆಯೇ ಬಿಗಿಯಾಗಿ ಮುಚ್ಚಿ, ಹೊಗೆಗೆ ಕೊಳವೆ ಇಡಿಸಬೇಕೆಂದು ಅಪ್ಪಣೆ ಮಾಡಿದರು.

ನಾನು ಮನೆಗೆ ಬಂದು ಈ ಹತ್ತರಲ್ಲಿ ಒಂಬತ್ತು ಪಾಲಿನ ವಿಷಯವನ್ನು ತಾಯಿಗೆ ತಿಳಿಸಿದೆ. ಅವರು ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿ ಆಗಷ್ಟೆ ಒಂದು ತಿಂಗಳಾಗಿತ್ತು.

“ವ್ಯರ್ಥ ಹೇಗೆ ಆಗುದು ಮಗಾ? ಅಟ್ಟದ ಸೌದೆ ಒಣಗುದು ಯಾವುದರಲ್ಲಿ? ಮಳೆಗಾಲದಲ್ಲಿ ಉದುರಿದ ಅಡಿಕೆ ಒಣಗುದು? ನಿನ್ನ ಪ್ಯಾಂಟು ಒಣಗುದು?”

ಈ ಪಟ್ಟಿ ಇನ್ನೂ ಉದ್ದವಾಗಬಹುದಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಚಳಿಯೆಂಬುದಿಲ್ಲ, ಥಂಡಿಯೆಂಬುದಿದೆ. ಗೋಡೆ ಬೆವರುತ್ತದೆ, ಪುಸ್ತಕಗಳಿಗೆ ಬೂಸಲು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಇಡೀ ವಾಸಸ್ಥಾನದಲ್ಲಿ ಒಣಗಿದ ಜಾಗವೆಂದರೆ ಬಚ್ಚಲೊಲೆಯ ಮುಂದಿನ ನಾಲ್ಕು ಚದರಡಿ. ನಾವು ಮಕ್ಕಳಾಗಿದ್ದಾಗ ಕೆಂಡದಲ್ಲಿ ಹಲಸಿನ ಬೇಳೆ, ಗೇರುಬೀಜ ಸುಟ್ಟದ್ದು ಅಲ್ಲಿ. ಒದ್ದೆಯಾದ ನೋಟುಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಹಿಡಿದದ್ದು ಅಲ್ಲಿ. ಬೂದಿ ಬಸಳೆಯ ಬುಡಕ್ಕೂ ಪಾತ್ರೆ ತಿಕ್ಕುವುದಕ್ಕೂ ಹೋಗುತ್ತಿತ್ತು. ಭೌತಶಾಸ್ತ್ರದ ಲೆಕ್ಕದಲ್ಲಿ ಹಂಡೆಯ ನೀರಿಗೆ ಸೇರದ್ದೆಲ್ಲ ನಷ್ಟದ ಖಾತೆಗೆ ಬರುತ್ತದೆ. ಆ ನಷ್ಟದ ಖಾತೆಯಲ್ಲಿಯೇ ನಮ್ಮ ಮಳೆಗಾಲಗಳೆಲ್ಲ ನಡೆದುಹೋಗಿದ್ದವು.

ಮೇಸ್ತ್ರಿ ಬಂದರು. ಮನೆಯ ಹಿಂಬದಿಯ ಗೋಡೆಗೆ ತಾಗಿ ಬಚ್ಚಲು, ಅದರ ಮೂಲೆಯಲ್ಲಿ ಒಲೆ, ಒಲೆಯ ಬಾಯಿಯೂ ಒಳಗಡೆಗೇ, ಹೊಗೆ ಕೊಳವೆಯಲ್ಲಿ ಮೇಲಕ್ಕೆ. ಸುಲಭದ ಕೆಲಸ ಎಂದರು. ಮೂಲೆ ಆಗ್ನೇಯಕ್ಕೇ ಬಿದ್ದದ್ದರಿಂದ ವಾಸ್ತುವಿನವರ ಬಾಯಿಯೂ ಮುಚ್ಚಿತು. ಖರ್ಚಿನ ಪಟ್ಟಿ ಹೀಗಿತ್ತು: ಮೇಸ್ತ್ರಿಗೆ ಆರು ದಿನ, ದಿನಕ್ಕೆ 1,100ರಂತೆ 6,600, ಸಹಾಯಕನಿಗೆ 800ರಂತೆ 4,800, ಕೆಂಪುಕಲ್ಲು ತೊಂಬತ್ತು, ತಲಾ 50ರಂತೆ 4,500, ಸಿಮೆಂಟು, ಹೊಯಿಗೆ 6,200, ಹೊಗೆಕೊಳವೆ 3,800, ನೀರಿನ ಕೊಳವೆ, ನಲ್ಲಿ 2,900, ಬಚ್ಚಲ ನೀರನ್ನು ಬಾಳೆಯವರೆಗೆ ಮುಟ್ಟಿಸುವ ಚರಂಡಿ 3,500, ಗೋಡೆ ಒಡೆದು ಬಾಗಿಲು ಮಾಡಿ ಮಾಡಿನ ಹಂಚು ಸರಿಪಡಿಸಲು 4,200, ಹಂಡೆಯ ತಳಕ್ಕೆ ತೇಪೆ ಹಾಕಿದವರಿಗೆ 1,500. ಒಟ್ಟು 38,000. ಅಕ್ಕನ ಮಗನ ಆರಡಿಗೂ ನನ್ನ ಇಪ್ಪತ್ತೈದು ಹೆಜ್ಜೆಗೂ ಐನೂರು ರೂಪಾಯಿಯ ಅಂತರ! ಪ್ರಪಂಚ ಎಷ್ಟು ಚಿಕ್ಕದೆಂದು ಇದರಿಂದಲೂ ತಿಳಿಯಬಹುದು.

ಹಿಂದಿನ ಕಾಲದ ಅಗ್ನಿಹೋತ್ರಿಗಳಿಗೆ ಈ ತೊಂದರೆ ಇರಲಿಲ್ಲ. ಊರು ಬಿಟ್ಟು ಹೋಗಬೇಕಾದರೆ ಅವರು ಮಂತ್ರಪೂರ್ವಕವಾಗಿ ಅಗ್ನಿಯನ್ನು ಅರಣಿಯ ಕಟ್ಟಿಗೆಗಳಲ್ಲಿ ‘ಸಮಾರೋಪ’ ಮಾಡಿಕೊಂಡು, ಹೋದ ಊರಿನಲ್ಲಿ ಅದೇ ಅರಣಿಯನ್ನು ಕಡೆದು ಅಗ್ನಿಯನ್ನು ಮತ್ತೆ ಎಬ್ಬಿಸುತ್ತಿದ್ದರು. ಗೃಹಸ್ಥನ ಅಗ್ನಿ ಅವನ ಜತೆಯಲ್ಲಿಯೇ ಪ್ರಯಾಣ ಮಾಡುತ್ತಿತ್ತು. ಆದರೆ ಗಮನಿಸಿ: ಆ ವಿಧಿ ಅಗ್ನಿಯನ್ನು ಸಾಗಿಸುವುದಕ್ಕೆ; ಅಗ್ನಿಯ ಸುತ್ತ ಕೂತವರನ್ನು ಸಾಗಿಸುವುದಕ್ಕೆ ವಿಧಿಯಿಲ್ಲ.

ನಮ್ಮ ಒಲೆಯ ಮುಂದೆ ಕೂರುತ್ತಿದ್ದವರಲ್ಲಿ ಮುಖ್ಯರಾದ ಒಬ್ಬರನ್ನು ನಾನಿನ್ನೂ ಹೇಳಿಲ್ಲ. ನಾಲ್ವತ್ತು ವರ್ಷಗಳಿಂದ ನಮ್ಮ ತೋಟಕ್ಕೆ ಅಡಿಕೆ ಹೆಕ್ಕಲು ಬರುವ ಹೆಂಗಸು. ನನ್ನ ತಾಯಿಗಿಂತ ಎಂಟೋ ಹತ್ತೋ ವರ್ಷ ಚಿಕ್ಕವರು. ಮಳೆಗಾಲದಲ್ಲಿ ತೋಟದಿಂದ ತೊಯ್ದುಕೊಂಡು ಬಂದು ನೇರವಾಗಿ ಬಚ್ಚಲೊಲೆಯ ಮುಂದೆ ಕೂತು ಸೆರಗು ಒಣಗಿಸಿಕೊಳ್ಳುತ್ತಿದ್ದರು. ತಾಯಿ ಅಲ್ಲಿಗೇ ಚಹ ತರುತ್ತಿದ್ದರು. ಗೋಡೆಯಲ್ಲೊಂದು ಗೂಡು, ಆ ಗೂಡಿನಲ್ಲಿ ಅವರ ಲೋಟ. ಇಬ್ಬರೂ ಸೋಗೆಯನ್ನು ಒಲೆಗೆ ತುರುಕುತ್ತ ಮಾತಾಡುತ್ತಿದ್ದರು. ನನ್ನ ತಂದೆ ತೀರಿಕೊಂಡ ವರ್ಷ ತಾಯಿ ಅತ್ತದ್ದನ್ನು ನಾವು ಮಕ್ಕಳು ಯಾರೂ ಕಂಡಿಲ್ಲ, ಅವರು ಕಂಡಿದ್ದಾರೆ. ಆದರೆ ಮನೆಯ ಹೊಸ್ತಿಲನ್ನು ಅವರು ದಾಟಿದವರಲ್ಲ. ಈಗ ನಾವು “ಒಳಗೆ ಬನ್ನಿ” ಎನ್ನುತ್ತೇವೆ. ಅವರು ನಗುತ್ತ ಅಂಗಳದಲ್ಲಿಯೇ ನಿಲ್ಲುತ್ತಾರೆ. ಆ ‘ಬನ್ನಿ’ ಎಂಬ ಮಾತು ನಮ್ಮ ಮನೆಯ ಬಾಯಿಗೆ ಬರಲು ಹಿಡಿದ ಕಾಲವನ್ನು ನೆನೆದರೆ, ಅವರು ಬಾರದಿರುವುದು ಆಶ್ಚರ್ಯವೇನಲ್ಲ. ಒಳಗಿನವರೂ ಹೊರಗಿನವರೂ ಒಂದೇ ಬೆಂಕಿಗೆ ಕೈಯೊಡ್ಡಬಹುದಾಗಿದ್ದ ಜಾಗ ನಮ್ಮಲ್ಲಿ ಅದೊಂದೇ. ಅದು ಮನೆಯಿಂದ ಇಪ್ಪತ್ತೈದು ಹೆಜ್ಜೆ ಆಚೆಗಿದ್ದುದರಿಂದಲೇ ಅದು ಸಾಧ್ಯವಾಗಿತ್ತು.

ಮೇಸ್ತ್ರಿ ನೂಲು ಹಿಡಿದು ಒಲೆಯ ಬಾಯಿಗೆ ಗುರುತು ಹಾಕುತ್ತಿರುವಾಗ ತಾಯಿ ಕೇಳಿದರು:

“ಬಾಯಿ ಒಳಗೆ ಇಟ್ಟರೆ ಅವಳು ಎಲ್ಲಿ ಕೂರುದು?”

ಮೇಸ್ತ್ರಿಗೆ ಅರ್ಥವಾಗಲಿಲ್ಲ. “ಯಾರಮ್ಮ?” ಎಂದರು. ತಾಯಿ ಅದಕ್ಕೆ ಉತ್ತರ ಹೇಳದೆ, “ಹಂಡೆ ಒಳಗಿರಲಿ, ಬಾಯಿ ಹೊರಗೆ ಇಡಿ. ಮೇಲೆ ಒಂದು ಇಳಿಮಾಡು, ಕೂತುಕೊಳ್ಳಲಿಕ್ಕೆ ಒಂದು ಕಟ್ಟೆ” ಎಂದರು.

“ಆಗ್ತದೆ. ಆದ್ರೆ ಮಾಷ್ಟ್ರೇ, ಮತ್ತೊಂದು ಒಂಬತ್ತು ಸಾವಿರ ಆದೀತು” ಎಂದು ಮೇಸ್ತ್ರಿ ನನ್ನ ಮುಖ ನೋಡಿದರು.

ಹಂಡೆ ಗೋಡೆಯ ಒಳಗೂ ಬೆಂಕಿಯ ಬಾಯಿ ಹೊರಗೂ ಇರುವ ಕ್ರಮ ಹೊಸದಲ್ಲ. ಹೊಗೆಯ ಕಾಟ ತಪ್ಪಿಸಲು ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಾರೆ. ತಾಯಿ ಮಳೆಗೆ ಕಾಲಿಡದೆ ಬಚ್ಚಲ ಬಾಗಿಲಿನಿಂದಲೇ ಇಳಿಮಾಡಿನ ಕೆಳಗೆ ಹೋಗಿ ಕೂರುವಂತೆ ಎರಡು ಕಂಬ, ಆರಡಿ ಅಗಲದ ಮಾಡು, ಇಬ್ಬರು ಕೂರುವಷ್ಟು ಉದ್ದದ ಕಲ್ಲಿನ ಕಟ್ಟೆ ಆದವು. ಗಾರೆಯ ಕೆಲಸ ಮುಗಿಯುವಾಗ, ಹಳೆಯ ಬಚ್ಚಲನ್ನು ನೋಡಿಬಂದಿದ್ದ ಮೇಸ್ತ್ರಿ, “ಇಲ್ಲಿಯೂ ಒಂದು ಗೂಡು ಬಿಡಬೇಕೋ ಅಮ್ಮ?” ಎಂದು ಕೇಳಿದರು. ತಾಯಿ ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿ, “ಬೇಡ” ಎಂದರು. ಆ ಲೋಟ ಈಗ ಅಡಿಗೆಮನೆಯ ಹಲಗೆಯ ಮೇಲೆ ಬೇರೆ ಲೋಟಗಳ ನಡುವೆ ಇದೆ. ಯಾವುದು ಯಾರದೆಂದು ಈಗ ನನಗೆ ಗುರುತು ಹತ್ತುವುದಿಲ್ಲ. ಈ ಬಾಬಿಗೆ ಖರ್ಚೇನೂ ಆಗಲಿಲ್ಲವಾದ್ದರಿಂದ ಪಟ್ಟಿಯಲ್ಲಿ ಬರೆದಿಲ್ಲ.

ಅಕ್ಕನ ಮಗ ಈಚೆಗೆ ಮಗುವಿನ ಚಿತ್ರ ಕಳುಹಿಸಿ, ನಮ್ಮ ಒಲೆಯ ಒಟ್ಟು ಖರ್ಚೆಷ್ಟಾಯಿತೆಂದು ಕೇಳಿದ. 47,000 ಎಂದೆ. “ನನ್ನನ್ನು ಮೀರಿಸಿದಿರಲ್ಲ ಮಾವ! ಕೊನೆಯ ಒಂಬತ್ತು ಸಾವಿರ ಯಾವುದಕ್ಕೆ?” ಎಂದ. ಕಟ್ಟೆ ಕಟ್ಟಿಸಿದ್ದಕ್ಕೆ ಎಂದೆ. ರೇಡಿಯೇಟರಿನ ಮುಂದೆ ಕಟ್ಟೆಯಿರುವ ಪದ್ಧತಿ ಆ ದೇಶದಲ್ಲಿಲ್ಲ. ಅಲ್ಲಿ ಬಿಸಿ ಪ್ರತಿಯೊಂದು ಕೋಣೆಗೂ ಬೇರೆಬೇರೆಯಾಗಿ, ಅಳತೆಯಾಗಿ ಬರುತ್ತದೆ. ತೊಟ್ಟಿಲಲ್ಲಿರುವ ಮಗುವಿಗೆ ಅದು ಒಳ್ಳೆಯದೇ. ಪೂರ್ತಿ ಹೇಳಲು ದೂರವಾಣಿಯಲ್ಲಿ ಆಗುವ ಮಾತಲ್ಲವಾದ್ದರಿಂದ, ಊರಿಗೆ ಬಂದಾಗ ಮಗುವಿಗೆ ಆ ಬೆಂಕಿಯಲ್ಲಿ ಕಾಸಿದ ನೀರಿನಲ್ಲಿಯೇ ಎಣ್ಣೆಸ್ನಾನ ಮಾಡಿಸೋಣ ಎಂದಷ್ಟೆ ಹೇಳಿದೆ.

ಹೊಸ ಒಲೆ ಮೊದಲಿನ ಅರ್ಧದಷ್ಟು ಸೌದೆಯನ್ನೂ ತಿನ್ನುವುದಿಲ್ಲ. ಮಿತ್ರರು ಬಂದು ನೋಡಿ, ಹೊರಗಿರುವ ಬಾಯಿಯಿಂದ ಇನ್ನೂ ತುಸು ಶಾಖ ವ್ಯರ್ಥವಾಗುತ್ತಿದೆ, ಅದಕ್ಕೊಂದು ಕಬ್ಬಿಣದ ಮುಚ್ಚಳ ಮಾಡಿಸಿ ಎಂದು ಸಲಹೆ ಕೊಟ್ಟಿದ್ದಾರೆ. ಮುಚ್ಚಳಕ್ಕೆ 600 ರೂಪಾಯಿ. ಮಳೆಗಾಲ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾರೆ ತಾಯಿ.